ಎನಿಡ್ ಚೆನ್ನಾಗಿದ್ದಾಳೆ

ಬೆಳಿಗ್ಗೆ ಎದ್ದ ಕೂಡಲೇ ಎನಿಡ್ ಹಾವರ್ತ್ ಮಂಚದ ಅಂಚಿಗೆ ಬಂದು ಕೂರುತ್ತಿದ್ದಳು. ಗೋಡೆಯ ಮೇಲಿನ ಡಬ್ಬಿಯನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಡಬ್ಬಿ ಕಿರ್ ಎನ್ನುತ್ತಿತ್ತು. ಅದರೊಳಗಿಂದ ವಾರ್ಡನ್ ಪಾಲಿನ್ ಮಾತಾಡುತ್ತಿದ್ದಳು.

"ಎನಿಡ್, ಎದ್ರಾ? ಹೇಗಿದೀರಿ?"

"ಚೆನ್ನಾಗಿದೀನಮ್ಮ."

"ಸರಿ ಹಾಗಾದ್ರೆ. ಆಮೇಲೆ ಬರ್ತೀನಿ."

ಇಷ್ಟೇ. ಗಂಡ ವಿಲ್ಫ್ ಹೋದ ಮೇಲೆ ಎಷ್ಟೋ ದಿನ ಎನಿಡ್ ಬಾಯಿಬಿಟ್ಟು ಆಡಿದ್ದು ಇದೊಂದೇ ಮಾತು.

ಹಾಥಾರ್ನ್ ಕೋರ್ಟ್ ವಯಸ್ಸಾದವರಿಗೆಂದು ಕೌನ್ಸಿಲ್, ಅಂದರೆ ಊರಿನ ನಗರಸಭೆ, ಕಟ್ಟಿಸಿದ ಬಾಡಿಗೆ ಮನೆಗಳು. ಒಂದೊಂದು ಮನೆಗೂ ಒಂದು ಕೋಣೆ, ಅಡುಗೆಮನೆ, ಬಚ್ಚಲು. ಕೋಣೆಯಲ್ಲೂ ಬಚ್ಚಲಲ್ಲೂ ಚಾವಣಿಯಿಂದ ನೆಲದವರೆಗೆ ಇಳಿಬಿದ್ದ ಕೆಂಪು ದಾರ. ಬಿದ್ದರೆ ಅದನ್ನು ಎಳೆಯಬೇಕು. ಎಳೆದರೆ ಕೆಳಗಿನ ಮನೆಯಲ್ಲಿದ್ದ ಪಾಲಿನ್ ಓಡಿ ಬರುತ್ತಿದ್ದಳು. ಬಲ್ಬು ಹಾಕುವವಳು ಅವಳೇ, ಔಷಧಿ ತರುವವಳು ಅವಳೇ, ಶುಕ್ರವಾರ ಮೀನು ಮತ್ತು ಆಲೂಗಡ್ಡೆ ಚಿಪ್ಸ್ ತರಿಸಿ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸುವವಳೂ ಅವಳೇ.

ಎನಿಡ್ ಚಿಕ್ಕ ಹುಡುಗಿಯಾಗಿದ್ದಾಗಲೇ ಹತ್ತಿ ಗಿರಣಿಗೆ ಸೇರಿದವಳು. ಮಗ್ಗಗಳ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಹೆಂಗಸರು ಸದ್ದಿಲ್ಲದೆ ತುಟಿಯಲ್ಲೇ ಮಾತಾಡುತ್ತಿದ್ದರು. ಆ ತುದಿಯಿಂದ ಈ ತುದಿಗೆ ಜಗಳ ಆಡುತ್ತಿದ್ದರು, ನಗುತ್ತಿದ್ದರು. ವಿಲ್ಫ್ ಅಲ್ಲೇ ಮಗ್ಗ ರಿಪೇರಿ ಮಾಡುತ್ತಿದ್ದ. ಮದುವೆಯಾಗ್ತೀಯಾ ಎಂದು ಅವನು ಕೇಳಿದ್ದೂ ತುಟಿಯಲ್ಲೇ. ಪಕ್ಕದ ಮಗ್ಗದವರೆಲ್ಲ ಅವನ ತುಟಿ ಓದಿಕೊಂಡು ಬಿದ್ದು ಬಿದ್ದು ನಕ್ಕಿದ್ದರು. ಮಕ್ಕಳಾಗಲಿಲ್ಲ. ಗಿರಣಿ ಮುಚ್ಚಿತು. ಎನಿಡ್ ಮೊಣಕಾಲು ಸೋತ ಮೇಲೆ ಇಬ್ಬರೂ ಹಾಥಾರ್ನ್ ಕೋರ್ಟಿಗೆ ಬಂದರು.

ವಿಲ್ಫ್ ಸತ್ತ ದಿನವೂ ಡಬ್ಬಿ ಕಿರ್ ಎಂದಿತ್ತು. ಪಾಲಿನ್ ಕೇಳಿದ್ದಳು. ಎನಿಡ್ "ಚೆನ್ನಾಗಿದೀನಮ್ಮ" ಎಂದೇ ಅಂದಿದ್ದಳು. ವಿಲ್ಫ್ ಪಕ್ಕದಲ್ಲಿ ತಣ್ಣಗಾಗಿ ಮಲಗಿದ್ದ. ಅವನ ಕೈ ಅವಳ ಕೈಯಲ್ಲಿತ್ತು. ಬೇರೆ ಏನು ಹೇಳಬೇಕೋ ಅವಳಿಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಪಟಪಟ ಎಂದವು. ಪಾಲಿನ್ ತನ್ನ ಬೀಗದ ಕೈಯಿಂದ ಬಾಗಿಲು ತೆಗೆದು ಒಳಗೆ ಬಂದಳು. ಎನಿಡ್‌ಳ ಪಕ್ಕ ಕೂತು ಹೆಗಲ ಮೇಲೆ ಕೈ ಹಾಕಿದಳು.

ಎಷ್ಟೋ ದಿನದ ಮೇಲೆ ಎನಿಡ್ ಕೇಳಿದಳು. "ಚೆನ್ನಾಗಿದೀನಿ ಅಂದಿದ್ನಲ್ಲಮ್ಮ. ನಿಂಗೆ ಹೇಗೆ ಗೊತ್ತಾಯ್ತು?"

"ನೀವು ಅಂದ್ರಿ. ನಿಮ್ಮ ದನಿ ಅನ್ಲಿಲ್ಲ."

ಆ ಚಳಿಗಾಲದಲ್ಲಿ ಕೌನ್ಸಿಲ್‌ನವರು ಹೊಸ ಸುದ್ದಿ ತಂದರು. ಬಾಡಿಗೆದಾರರಿಗೆ ಕೊಡುವ ಸಹಾಯವನ್ನೆಲ್ಲ ಮತ್ತೆ ಪರಿಶೀಲಿಸುತ್ತಾರಂತೆ. ಯಾರಿಗೆ ಎಷ್ಟು ಬೇಕು ಎಂದು ಮನೆಮನೆಗೆ ಬಂದು ಕೇಳುತ್ತಾರಂತೆ. ಬೇಡ ಎಂದಾದರೆ ವಾರ್ಡನ್‌ಳನ್ನು ತೆಗೆಯುತ್ತಾರಂತೆ.

ಪಾಲಿನ್ ಎಲ್ಲರ ಮನೆಗೂ ಹೋದಳು. ಎನಿಡ್‌ಳ ಅಡುಗೆಮನೆ ಬಾಗಿಲಿಗೆ ಒರಗಿ ನಿಂತಳು.

"ಎನಿಡ್, ಇದ್ದದ್ದು ಇದ್ದ ಹಾಗೆ ಹೇಳಿ. ಸ್ನಾನದ ಟಬ್ಬಿಗೆ ಕಾಲಿಡೋಕೆ ಆಗಲ್ಲ ಅಂತ ಹೇಳಿ. ಬಿದ್ದಿದ್ದು ಹೇಳಿ. ದಮ್ಮಯ್ಯ, ಅವತ್ತು ಒಂದಿನ ಮಾತ್ರ ಚೆನ್ನಾಗಿದೀನಿ ಅನ್ಬೇಡಿ."

"ಹೇಳ್ತೀನಮ್ಮ, ಹೇಳ್ತೀನಿ."

ಹೇಳಬೇಕೆಂದೇ ಇದ್ದಳು. ಎದುರು ಮನೆಯ ಆಗ್ನೆಸ್‌ಗೂ ಹಾಗೇ ಅಂದಿದ್ದಳು. ಆಗ್ನೆಸ್ ಗಿರಣಿಯಲ್ಲಿ ಪಕ್ಕದ ಮಗ್ಗದವಳು. ಮದುವೆ ಮಾತನ್ನು ಓದಿಕೊಂಡು ಜಾಸ್ತಿ ನಕ್ಕವಳು.

ಆದರೆ ಅವರು ಬರುವ ದಿನ ಬೆಳಿಗ್ಗೆ ಎನಿಡ್‌ಳ ಕೈ ಸುಮ್ಮನಿರಲಿಲ್ಲ. ಕೌನ್ಸಿಲ್‌ನವರು ಮನೆಗೆ ಬರುತ್ತಾರೆ. ಮನೆ ಹೀಗಿದ್ದರೆ ಹೇಗೆ? ನಡೆಯಲು ಆಸರೆಯಾದ ವಾಕರ್ ಹಿಡಿದುಕೊಂಡೇ ಧೂಳು ಹೊಡೆದಳು. ಹಿಂದಿನ ದಿನವೇ ಶುಂಠಿ ಕೇಕ್ ಮಾಡಿಟ್ಟಿದ್ದಳು. ಹೊಸ ಪರದೆ ಹಾಕಿದಳು. ರಾತ್ರಿ ಹೊತ್ತಿಗೆಂದು ಮಂಚದ ಪಕ್ಕ ಇಟ್ಟಿದ್ದ ಕಮೋಡು ಕುರ್ಚಿಯ ಮೇಲೆ ಬಟ್ಟೆ ಹೊದಿಸಿ, ಅದರ ಮೇಲೆ ಹೂವಿನ ಕುಂಡ ಇಟ್ಟಳು. ಕೆಂಪು ದಾರ ಆಸ್ಪತ್ರೆಯ ಹಾಗೆ ಕಾಣುತ್ತದೆ ಎಂದು ಸುತ್ತಿ ಮೇಲಕ್ಕೆ ಗಂಟು ಹಾಕಿದಳು. ತುಟಿಗೆ ಬಣ್ಣ ಹಚ್ಚಿದಳು. ಕೊನೆಗೆ ವಾಕರ್ ಅನ್ನೂ ಬೀರುವಿನೊಳಗೆ ತುರುಕಿ, ಗೋಡೆ ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕೂತಳು.

ಇದನ್ನು ಅವಳಿಗೆ ಕಲಿಸಿದವಳು ಅವಳ ತಾಯಿ. ಗಿರಣಿಗಳಲ್ಲಿ ಕೆಲಸ ಇಲ್ಲದ ಕಾಲ. ಸಹಾಯಧನದ ಆಫೀಸಿನವರು ಮನೆ ನೋಡಲು ಬರುತ್ತಾರೆ ಎಂದರೆ ತಾಯಿ ಬಾಗಿಲ ಮೆಟ್ಟಿಲನ್ನು ಕಲ್ಲಿನಿಂದ ತಿಕ್ಕಿ ಬೆಳ್ಳಗೆ ಮಾಡುತ್ತಿದ್ದಳು. ಮಕ್ಕಳ ಮುಖ ಕೆಂಪಾಗುವ ಹಾಗೆ ಒರೆಸುತ್ತಿದ್ದಳು. ಪಕ್ಕದ ಮನೆಯ ಮುದುಕಿ ಹಾಗೆ ಮಾಡಲಿಲ್ಲ. ಬಂದವರ ಎದುರಿಗೆ ಅತ್ತುಕೊಂಡು, ನನ್ನ ಕೈಲಿ ಆಗಲ್ಲ ಎಂದಳು. ಅವಳನ್ನು ಗತಿಯಿಲ್ಲದವರನ್ನು ಇಡುವ ಮನೆಗೆ ಕರೆದುಕೊಂಡು ಹೋದರು. ಅವಳ ಚಹಾ ಕೆಟಲ್ ಒಲೆಯ ಮೇಲೇ ಇತ್ತು. ಮತ್ತೆ ಅವಳು ಬರಲಿಲ್ಲ.

ಬಂದವಳು ಜೆಮ್ಮಾ ಎಂಬ ಹುಡುಗಿ. ಒಳ್ಳೆಯವಳು. ಮಡಿಲಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂತಳು.

"ಮಿಸೆಸ್ ಹಾವರ್ತ್, ಕೇಕ್ ನೀವೇ ಮಾಡಿದ್ರಾ?"

"ಮತ್ತಿನ್ಯಾರಮ್ಮ? ತಿನ್ನು, ಇನ್ನೊಂದು ತಗೋ. ಸೊರಗಿಹೋಗಿದೀಯ."

"ಸ್ನಾನ ನೀವೇ ಮಾಡ್ಕೋತೀರಾ?"

ಎನಿಡ್ ಕಪ್ಪನ್ನು ತಟ್ಟೆಯ ಮೇಲಿಟ್ಟಳು. ಈಗಲೇ ಹೇಳಬೇಕಿತ್ತು. ಹುಡುಗಿ ಮೊಮ್ಮಗಳ ವಯಸ್ಸಿನವಳು. ನಗುತ್ತಿದ್ದಾಳೆ. ಇವಳ ಎದುರಿಗೆ ಮೈ ತೊಳೆಯುವ ಮಾತೇ?

"ಮಾಡ್ಕೋತೀನಿ."

"ಬಿದ್ದಿದೀರಾ ಯಾವಾಗಾದ್ರೂ?"

"ನಾನಾ? ಇಲ್ಲಪ್ಪ."

"ರಾತ್ರಿ ಒಬ್ರೇ ಇರೋಕೆ ಕಷ್ಟ ಆಗುತ್ತಾ?"

"ಎಲ್ರಿಗೂ ಇರೋದೇ ಅಲ್ವಾ. ನಡೀತಿದೆ."

ಜೆಮ್ಮಾ ಬೇಗ ಬೇಗ ಕಂಪ್ಯೂಟರಿನ ಕೀ ಒತ್ತಿಕೊಂಡಳು. "ಎಷ್ಟು ಗಟ್ಟಿಯಾಗಿದೀರಿ ನೀವು! ನಮ್ಮಜ್ಜಿ ನಿಮ್ಮನ್ನ ನೋಡಿ ಕಲೀಬೇಕು."

ಎನಿಡ್‌ಗೆ ಹೆಮ್ಮೆಯಾಯಿತು. ಹುಡುಗಿ ಹೊರಟಾಗ ಎದ್ದು ಬಾಗಿಲವರೆಗೂ ಹೋದಳು, ಬೆರಳ ತುದಿಯಲ್ಲಿ ಗೋಡೆ ಸವರಿಕೊಂಡು. ಬಾಗಿಲು ಹಾಕಿದ ಮೇಲೆ ಅಲ್ಲೇ ನೆಲಕ್ಕೆ ಕುಸಿದಳು. ದಾರ ಕೈಗೆ ಸಿಗದಷ್ಟು ಮೇಲೆ ಗಂಟಾಗಿತ್ತು. ಸಂಜೆ ಪಾಲಿನ್ ಬಂದು ಎತ್ತಿದಳು. ಏನು ಹೇಳಿದಿರಿ ಎಂದು ಪಾಲಿನ್ ಕೇಳಲಿಲ್ಲ. ಕಮೋಡು ಕುರ್ಚಿಯ ಮೇಲಿದ್ದ ಹೂವಿನ ಕುಂಡವನ್ನು ನೋಡಿದಳು, ಅಷ್ಟೇ.

ವಸಂತದಲ್ಲಿ ಕೌನ್ಸಿಲ್‌ನ ಪ್ರೆಂಟಿಸ್ ಎಂಬ ಅಧಿಕಾರಿ ಎಲ್ಲರನ್ನೂ ಹಾಲ್‌ನಲ್ಲಿ ಸೇರಿಸಿದ. ಪಾಲಿನ್ ಹಿಂದೆ ಚಹಾ ಪಾತ್ರೆಯ ಹತ್ತಿರ ನಿಂತಿದ್ದಳು. ಪ್ರೆಂಟಿಸ್ ಬಹಳ ಸಂತೋಷದಿಂದ ಮಾತಾಡಿದ. ಹಾಥಾರ್ನ್ ಕೋರ್ಟಿನವರಷ್ಟು ಸ್ವತಂತ್ರವಾಗಿ ಬದುಕುವವರನ್ನು ಬೇರೆಲ್ಲೂ ನೋಡಲಿಲ್ಲವಂತೆ. ಇಲ್ಲಿ ವಾರ್ಡನ್ ಅಗತ್ಯವಿಲ್ಲವಂತೆ. ಇನ್ನು ಮುಂದೆ ದಾರ ಎಳೆದರೆ ದೂರದ ಊರಿನ ಕೇಂದ್ರಕ್ಕೆ ಕರೆ ಹೋಗುತ್ತದೆ. ಅಲ್ಲಿ ಹಗಲೂ ರಾತ್ರಿ ಯಾರಾದರೂ ಇರುತ್ತಾರೆ.

ಬಸ್ ಓಡಿಸಿ ನಿವೃತ್ತನಾದ ಸಿಡ್ನಿ ಕೈ ಎತ್ತಿದ. "ಬಲ್ಬು ಸುಟ್ಟೋದ್ರೆ ಆ ಕೇಂದ್ರ ಬಂದು ಸ್ಟೂಲ್ ಹತ್ತುತ್ತೇನಪ್ಪಾ?"

ಎಲ್ಲರೂ ನಕ್ಕರು. ಪ್ರೆಂಟಿಸನೂ ನಕ್ಕ.

ಎದುರು ಸಾಲಿನಲ್ಲಿ ಕೂತಿದ್ದ ಆಗ್ನೆಸ್ ಎನಿಡ್‌ಳನ್ನೇ ನೋಡುತ್ತಿದ್ದಳು. ಅವಳ ತುಟಿ ಆಡಿತು. ಸದ್ದಿಲ್ಲ. ಹಾಲ್‌ನಲ್ಲಿ ಅದು ಅರ್ಥವಾಗಿದ್ದು ಎನಿಡ್‌ಗೆ ಮಾತ್ರ.

ಹೇಳೇ. ಟಬ್ಬಿನ ವಿಷಯ ಹೇಳೇ.

ಹೆಂಗೇ ಹೇಳ್ಲಿ ಇಷ್ಟು ಜನರ ಎದುರಿಗೆ, ಎಂದಳು ಎನಿಡ್, ತುಟಿಯಲ್ಲೇ.

ನಾನು ಹೇಳಿದೀನಿ ಕಣೇ. ಅವಳು ಬಂದಾಗ ಎಲ್ಲಾ ಹೇಳಿದೀನಿ. ಒಬ್ಬಳು ಹೇಳಿದ್ರೆ ಸಾಕಾ? ನೀವೆಲ್ಲ ರಾಣಿ ಬರ್ತಾಳೆ ಅನ್ನೋ ಹಾಗೆ ಕೇಕ್ ಸುಟ್ಕೊಂಡು ಕೂತಿದ್ರಿ.

ಎನಿಡ್ ಎದ್ದು ನಿಂತಳು. ವಾಕರ್ ಅನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಾನು ಸುಳ್ಳು ಹೇಳಿದೆ," ಎಂದಳು. "ಆ ಹುಡುಗಿ ಹತ್ರ. ನನಗೆ ಟಬ್ಬಿಗೆ ಇಳಿಯೋಕೆ ಆಗಲ್ಲ. ನನ್ನ ಯಜಮಾನ್ರು ಹೋದಾಗಿಂದ ನಾನು ಸ್ನಾನ ಮಾಡಿಲ್ಲ. ಸಿಂಕ್ ಹತ್ರ ನಿಂತು ಬಟ್ಟೆ ಒದ್ದೆ ಮಾಡಿ ಒರೆಸ್ಕೋತೀನಿ. ಬೀಳ್ತೀನಿ. ಅವಳು ಹೋದ ಮೇಲೂ ಬಿದ್ದೆ."

ಹಾಲ್ ತುಂಬಾ ಜನ, ಗಂಡಸರೂ ಇದ್ದರು. ಎನಿಡ್‌ಳ ಕತ್ತು ಕಿವಿ ಎಲ್ಲ ಕೆಂಪಾಗಿತ್ತು. ಅವಳು ಕೂರಲಿಲ್ಲ. ಉತ್ತರಕ್ಕೆ ಕಾದಳು.

ಪ್ರೆಂಟಿಸ್ ಹತ್ತಿರ ಬಂದು ಬಗ್ಗಿ, ಮೆತ್ತಗೆ ಹೇಳಿದ. "ಮಿಸೆಸ್ ಹಾವರ್ತ್, ಬದಲಾವಣೆ ಅಂದ್ರೆ ಎಲ್ಲರಿಗೂ ಭಯ. ಎಲ್ಲಾ ಕಡೆ ಹೀಗೇ ಹೇಳ್ತಾರೆ. ನಿಮ್ಮ ಬಗ್ಗೆ ಜೆಮ್ಮಾ ತುಂಬಾ ಹೊಗಳಿದ್ಲು. ಕೇಕ್ ವಿಷಯಾನೂ ಹೇಳಿದ್ಲು."

"ನಾನು ನಿಜ ಹೇಳ್ತಿದೀನಿ ಸ್ವಾಮಿ."

"ಖಂಡಿತ, ಖಂಡಿತ. ಗಮನಕ್ಕೆ ತಗೋತೀವಿ."

ಪಾಲಿನ್ ಚಹಾ ಪಾತ್ರೆಯ ನಲ್ಲಿಯನ್ನು ಒರೆಸುತ್ತಿದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು.

ಪಾಲಿನ್ ಹೋದಳು. ಕೆಳಗಿನ ಮನೆಗೆ ಬೀಗ ಬಿತ್ತು. ನಿಜ ಹೇಳಿದ್ದ ಆಗ್ನೆಸ್‌ಗೆ ಒಬ್ಬಳೇ ಇರಲು ಆಗುವುದಿಲ್ಲ ಎಂದು ತೀರ್ಮಾನಿಸಿ, ಅವಳನ್ನು ಊರಾಚೆಯ ಆರೈಕೆ ಮನೆಗೆ ಕಳಿಸಿದರು. ಕಾರಿನ ಗಾಜಿನ ಹಿಂದೆ ಕೂತು ಅವಳು ತುಟಿ ಆಡಿಸಿದಳು. ಗಾಜಿನ ಮೇಲೆ ಬಿಸಿಲು ಬಿದ್ದಿತ್ತು. ಎನಿಡ್‌ಗೆ ಓದಲು ಆಗಲಿಲ್ಲ.

ಎನಿಡ್ ಬೆಳಿಗ್ಗೆ ಎದ್ದು ಮಂಚದ ಅಂಚಿಗೆ ಬಂದು ಕೂರುವುದನ್ನು ಬಿಡಲಿಲ್ಲ. ಡಬ್ಬಿ ಕಿರ್ ಎನ್ನಲಿಲ್ಲ. ಒಂದೆರಡು ಸಲ ಅವಳೇ ಡಬ್ಬಿಗೆ ಹೇಳಿದಳು, ಚೆನ್ನಾಗಿದೀನಮ್ಮ ಎಂದು. ಆಮೇಲೆ ನಾಚಿಕೆಯಾಗಿ ಬಿಟ್ಟಳು. ವಿಲ್ಫ್‌ನ ಹತ್ತಿರ ಮಾತಾಡುತ್ತಿದ್ದಳು. ಅವನ ಹತ್ತಿರ ತುಟಿ ಆಡಿಸಿದರೆ ಸಾಕಿತ್ತು.

ಜೋರು ಮಳೆ ಸುರಿಯುತ್ತಿದ್ದ ಒಂದು ಬೆಳಿಗ್ಗೆ ಕರೆಂಟಿನ ಕೆಟಲ್‌ಗೆ ನೀರಿಟ್ಟು ಬಚ್ಚಲಿಗೆ ಹೋದವಳು ಬಿದ್ದಳು. ಸೊಂಟದಲ್ಲಿ ಏನೋ ಮುರಿದ ಸದ್ದು ಅವಳಿಗೇ ಕೇಳಿಸಿತು. ಕಾಲು ತನ್ನದಲ್ಲ ಎನ್ನುವ ಹಾಗೆ ಪಕ್ಕಕ್ಕೆ ತಿರುಗಿಕೊಂಡಿತ್ತು. ಕೆಂಪು ದಾರ ಕೈಗೆ ಸಿಕ್ಕಿತು. ಈ ಸಲ ಅವಳು ಅದಕ್ಕೆ ಗಂಟು ಹಾಕಿರಲಿಲ್ಲ. ಎಳೆದಳು.

ಕೋಣೆಯ ಡಬ್ಬಿ ಬಹಳ ಹೊತ್ತು ಕುಯ್‌ಗುಟ್ಟಿತು. ಆಮೇಲೆ ಒಬ್ಬ ಹುಡುಗನ ದನಿ.

"ನಮಸ್ಕಾರ, ಮಿಸೆಸ್ ಹಾವರ್ತ್. ದಾರ ಎಳೆದಿದೀರಿ. ತಪ್ಪಿ ಕೈ ತಗುಲಿತಾ? ಚೆನ್ನಾಗಿದೀರಾ?"

ಅವಳು ಬಾಯಿ ತೆಗೆದಳು. ಹೇಳಬೇಕಾದದ್ದು ಗಂಟಲಲ್ಲೇ ಇತ್ತು. ಹಾಲ್‌ನಲ್ಲಿ ಅಷ್ಟು ಜನರ ಮುಂದೆ ಹೇಳಿದವಳಿಗೆ ಇದೇನೂ ದೊಡ್ಡದಲ್ಲ. ಆದರೆ ಬೆಳಗಿನ ಹೊತ್ತು, ಡಬ್ಬಿ, ಹೇಗಿದೀರಿ ಎನ್ನುವ ದನಿ. ಅವಳ ಬಾಯಿ ಅವಳನ್ನು ಕೇಳಲಿಲ್ಲ.

"ಚೆನ್ನಾಗಿದೀನಪ್ಪ," ಎಂದಳು.

"ಒಳ್ಳೇದು. ತೊಂದರೆ ಇಲ್ಲ, ತುಂಬಾ ಜನರಿಗೆ ಹೀಗಾಗುತ್ತೆ. ಇಡ್ತೀನಿ."

ಡಬ್ಬಿ ಕಿರ್ ಎಂದು ಆರಿತು.

ಎನಿಡ್ ಮೆಟ್ಟಿಲ ಕಡೆಗೆ ಕಿವಿಯಿಟ್ಟಳು. ಚಪ್ಪಲಿ ಸದ್ದಿಗೆ. ಅವಳು ಅಂದದ್ದು ಒಂದು, ದನಿ ಅಂದದ್ದು ಇನ್ನೊಂದು. ಇಷ್ಟು ಹೊತ್ತಿಗೆ ಪಾಲಿನ್ ಅರ್ಧ ಮೆಟ್ಟಿಲು ಹತ್ತಿರುತ್ತಿದ್ದಳು. ಕೆಳಗೆ ಯಾರದೋ ಟಿವಿಯಲ್ಲಿ ಜನ ಚಪ್ಪಾಳೆ ಹೊಡೆಯುತ್ತಿದ್ದರು.

ದಾರ ಇನ್ನೂ ಕೈಯಲ್ಲೇ ಇತ್ತು. ಈಗಷ್ಟೇ ಎಳೆದಿದ್ದಾಳೆ. ತಕ್ಷಣ ಮತ್ತೆ ಎಳೆದರೆ ಆ ಹುಡುಗ ಏನಂದುಕೊಳ್ಳುತ್ತಾನೆ? ಅವನಿಗೂ ಕೆಲಸವಿರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಎಳೆದರಾಯಿತು ಎಂದುಕೊಂಡು ಅವಳು ತಣ್ಣಗಿನ ನೆಲಕ್ಕೆ ಕೆನ್ನೆಯಿಟ್ಟಳು. ಅಡುಗೆಮನೆಯಲ್ಲಿ ಕೆಟಲ್ ಕುದಿದು ತಾನೇ ಆರಿಕೊಂಡಿತು.