ನಿಲ್ಲದವಳ ಫೋಟೊ

ಜನರನ್ನು ನಿಲ್ಲಿಸುವುದೇ ನನ್ನ ಕಸುಬು. ಚಿತ್ರದುರ್ಗದಲ್ಲಿ ಸ್ಟುಡಿಯೊ ಹಾಕಿದ ದಿನದಿಂದ ನನ್ನ ಬಾಯಲ್ಲಿ ಹೆಚ್ಚು ಬಂದಿರುವ ಮಾತೆಂದರೆ ‘ಹಂಗೇ ನಿಲ್ರಿ, ಅಲ್ಲಾಡಬ್ಯಾಡ್ರಿ’. ಹೊಳಲ್ಕೆರೆ, ಹಿರಿಯೂರು ಕಡೆಯ ಮದುವೆಗಳಲ್ಲಿ ಗಂಡು ತಾಳಿ ಹಿಡಿದ ಕೈಯನ್ನು ಹೆಣ್ಣಿನ ಕೊರಳ ಹತ್ತಿರ ತಂದು, ಗಂಟು ಹಾಕುವ ಮುಂಚೆ ನನ್ನ ಮುಖ ನೋಡುತ್ತಾನೆ. ವಾಲಗದವರು ಬಾರಿಸುತ್ತಲೇ ಇರುತ್ತಾರೆ, ಅಕ್ಕಿಕಾಳು ಬೀಳುತ್ತಲೇ ಇರುತ್ತದೆ, ಐನೋರು ಗಡಿಬಿಡಿ ಮಾಡುತ್ತಿರುತ್ತಾರೆ. ಆದರೂ ನಾನು ತಲೆಯಾಡಿಸದೆ ಮುಹೂರ್ತ ಮುಂದಕ್ಕೆ ಹೋಗುವುದಿಲ್ಲ. ಬೇಕಾದರೆ ನಗಿರಿ, ಅದು ನಮ್ಮ ಕಡೆಯ ಪದ್ಧತಿಯೇ ಆಗಿಬಿಟ್ಟಿದೆ.

ಇಂಥವನಿಗೆ ಗಂಟುಬಿದ್ದವಳು ಒಂದು ಕಡೆ ನಿಲ್ಲದ ಹೆಂಡತಿ. ತುರುವನೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಆಟದ ಟೀಚರು. ಖೋ ಖೋ ಆಡುತ್ತಲೇ ಬೆಳೆದವಳು, ಈಗಲೂ ಟೀಚರುಗಳ ತಂಡದಲ್ಲಿ ಆಡುವವಳು. ಅಂಗಳಕ್ಕೆ ಇಳಿದರೆ ಸಾಲಾಗಿ ಕುಂತವರ ನಡುವೆ ಹಾವಿನಂತೆ ನುಸುಳಿಕೊಂಡು ಓಡುತ್ತಾಳೆ. ಅಟ್ಟಿಸಿಕೊಂಡು ಬಂದವರು ಸುಸ್ತಾಗಿ ಕೈ ಚೆಲ್ಲಬೇಕು, ಹಾಗೆ.

ಅವಳ ಎಡಗಾಲಿನ ಮಂಡಿ ಸವೆದಿತ್ತು. ಆಪರೇಷನ್ ಮಾಡಿಸಿದರೆ ನೋವಿಲ್ಲದೆ ನಡೆಯಬಹುದು, ಓಡುವುದನ್ನು ಮಾತ್ರ ಮರೆತುಬಿಡಿ ಎಂದು ಡಾಕ್ಟರು ಹೇಳಿದ್ದರು. ಅವಳು ಇವತ್ತು ನಾಳೆ ಎಂದು ಮುಂದೂಡುತ್ತಿದ್ದಳು. ಬಸ್ಸಿನ ಮೆಟ್ಟಿಲು ಹತ್ತುವಾಗ ಹಲ್ಲು ಕಚ್ಚುವುದನ್ನು ನೋಡಿ ನನಗೆ ಸಿಟ್ಟು ಬರುತ್ತಿತ್ತು. ನನಗೆ ಸಿಟ್ಟು ಬೇಗ ಬರುತ್ತದೆ, ಸಂಕಟವಾದರಂತೂ ಇನ್ನೂ ಬೇಗ. ಹೇಳಿ ಹೇಳಿ ಸಾಕಾಗಿ ಒಂದು ದಿನ ರೇಗಿದೆ.

“ಇನ್ನೆಷ್ಟು ದಿನ ಕುಂಟ್ತೀಯ? ಏನು ನಿನ್ನ ಕಥೆ?”

ಅವಳು ಹಳೇ ಫೋಟೊಗಳ ಪೊಟ್ಟಣ ತಂದು ಮಂಚದ ಮೇಲೆ ಸುರಿದಳು. ಎಲ್ಲದರಲ್ಲೂ ತಂಡದ ಜತೆ ಸಾಲಿನಲ್ಲಿ ನಿಂತಿದ್ದಾಳೆ, ಕೈಯಲ್ಲಿ ಗೆದ್ದ ಕಪ್, ಕೊರಳಲ್ಲಿ ಹಾರ. ಓಡುತ್ತಿರುವುದು ಒಂದೇ ಒಂದು. ಅದರಲ್ಲೂ ಫೋಟೊದ ಅಂಚಿನಲ್ಲಿ ಅವಳ ಮೊಣಕೈ ಮಾತ್ರ ಇದೆ, ಅದೂ ಶೇಕ್ ಆಗಿದೆ.

“ಓಡೋದು ಬಿಡು ಅಂತೀರಿ, ಬಿಡ್ತೀನಿ. ಓಡ್ತಿದ್ದೆ ಅನ್ನಕ್ಕೆ ಏನೈತೆ ನನ್ನತ್ರ? ಮನೇಲೇ ಫೋಟೊಗ್ರಾಫರ್ ಇಟ್ಕಂಡು ಒಂದು ಫೋಟೊ ಇಲ್ಲ.”

ನನ್ನ ಹಳೇ ಕ್ಯಾಮೆರಾ ಮದುವೆಗೆ ಸರಿ. ಓಡುವವರ ಮುಂದೆ ಹಿಡಿದರೆ ಲೆನ್ಸು ಕುಂಯ್ ಕುಂಯ್ ಎಂದು ಹಿಂದೆ ಮುಂದೆ ತಡಕಾಡಿ, ಅದಕ್ಕೆ ಫೋಕಸ್ ಸಿಗುವ ಹೊತ್ತಿಗೆ ಇವಳು ಅಂಗಳದ ಆಚೆ ತುದಿಯಲ್ಲಿರುತ್ತಿದ್ದಳು. ಟೀಚರುಗಳ ಕ್ರೀಡಾಕೂಟ ಹತ್ತಿರದಲ್ಲಿತ್ತು. ಅದೇ ತನ್ನ ಕೊನೆಯ ಆಟ ಎಂದಳು. ಆ ವಾರವೇ ನಾನು ಓಡುವವರ ಮೇಲೂ ತಾನೇ ಫೋಕಸ್ ಹಿಡಿಯುವ ಹೊಸ ಮಿರರ್‌ಲೆಸ್ ಕ್ಯಾಮೆರಾ ತಂದೆ.

ಏನು ಹೇಳಲಿ ಅದರ ಬಗ್ಗೆ! ಭೀಮಸಮುದ್ರದ ದಾರಿಯಲ್ಲಿ ನಿಂತು ಎದುರಿಗೆ ಬರುವ ಬೈಕಿನವನ ಮೇಲೆ ಹಿಡಿದೆ. ಪರದೆಯ ಮೇಲೆ ಫೋಕಸ್ಸಿನ ಒಂದು ಚೌಕ ಅವನ ಕಣ್ಣಿಗೆ ಹೋಗಿ ಕುಂತಿತು. ಅವನು ಹತ್ತಿರ ಬಂದಂತೆ ಚೌಕವೂ ಬಂತು. ತೆಗೆದ ಫೋಟೊ ಹಿಗ್ಗಿಸಿ ನೋಡಿದರೆ ಅವನ ಹುಬ್ಬಿಗೆ ಹತ್ತಿದ ಧೂಳು ಎಣಿಸಬಹುದಾಗಿತ್ತು. ದಾರಿಬದಿಯಲ್ಲಿ ಒಬ್ಬನೇ ನಿಂತು ಅದಕ್ಕೆ ಶಹಬ್ಬಾಸ್ ಹೇಳಿದೆ.

ಬಿ. ದುರ್ಗದ ಹತ್ತಿರ ಕುರಿ ಹಿಂಡಿನ ಮುಂದೆ ಮಾತ್ರ ಅದಕ್ಕೆ ಮಂಕು ಬಡಿಯಿತು. ನಾನು ಮುಂದಿನ ಟಗರನ್ನು ಹಿಡಿದರೆ ಚೌಕ ಪಕ್ಕದ ಕುರಿಯ ಕಣ್ಣಿಗೆ ಜಿಗಿಯಿತು, ಅಲ್ಲಿಂದ ಇನ್ನೊಂದಕ್ಕೆ. ನಾನು ಕ್ಯಾಮೆರಾಕ್ಕೆ ಬೈಯುತ್ತಿದ್ದುದನ್ನು ಕುರಿ ಕಾಯುವ ಹಿರಿಯರು ಸ್ವಲ್ಪ ಹೊತ್ತು ನೋಡಿದರು.

“ಏನಪ್ಪ, ಯಾವ ಕುರಿ ಬೇಕು ಹೇಳು. ಹಿಡ್ಕೊಡ್ತೀನಿ,” ಅಂದರು.

“ನಿಂತಿದ್ದು ಬ್ಯಾಡ ಯಜಮಾನ್ರೆ, ಓಡೋದೇ ಬೇಕು.”

“ಹಂಗಾದ್ರೆ ನೀನೂ ಓಡು,” ಅಂದು ನಗುತ್ತಾ ಹೊರಟರು.

ಕ್ರೀಡಾಕೂಟ ಚಿತ್ರದುರ್ಗದಲ್ಲೇ ನಡೆಯಿತು. ನಮ್ಮವರಿಗೆ ಎದುರಾದದ್ದು ಹೊಸದುರ್ಗದ ಟೀಚರುಗಳು. ಅವರು ಅಟ್ಟಿಸುವ ಸರದಿ, ನಮ್ಮವರು ಓಡುವ ಸರದಿ. ನಾನು ಅಂಗಳದ ಪಕ್ಕದಲ್ಲೇ ಮಂಡಿಯೂರಿ ಕುಂತೆ. ಖೋ ಖೋದಲ್ಲಿ ಅಟ್ಟಿಸುವ ತಂಡದವರು ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಸಾಲಾಗಿ ಕುಂತಿರುತ್ತಾರೆ. ನನ್ನ ಕಡೆ ಮುಖ ಮಾಡಿದ್ದವರಲ್ಲಿ ಅರ್ಧ ಜನರ ಮನೆಯ ಮದುವೆಗೆ ಫೋಟೊ ತೆಗೆಯಲು ನಾನೇ ಹೋಗಿದ್ದವನು. ದೊಡ್ಡ ಲೆನ್ಸು ಕಂಡದ್ದೇ ತಡ, ಒಬ್ಬರು ಮುಂಗುರುಳು ಸರಿಮಾಡಿಕೊಂಡರು, ಇನ್ನೊಬ್ಬರು ನಗು ತಂದುಕೊಂಡು ಹಾಗೇ ಹಿಡಿದರು. ಆ ನಗು ಹಿಡಿದವರ ಬೆನ್ನ ಹಿಂದೆ ಅವರದೇ ತಂಡದವಳು ಬಂದು ಖೋ ಎಂದು ಕೂಗಿದರೂ ಅವರು ಏಳಲಿಲ್ಲ.

“ಅಯ್ಯೋ ಎದ್ದೇಳ್ರಿ ಮೇಡಂ, ಇದು ಮದುವೆ ಅಲ್ಲ,” ಅಂದೆ.

ನನ್ನ ಕ್ಯಾಮೆರಾಕ್ಕೆ ಅದೇ ಬೇಕಾಗಿತ್ತು. ಅಲುಗಾಡದ, ನಗುವ ಮುಖಗಳು. ಇವಳು ಅವರ ನಡುವೆ ನುಗ್ಗಿ ಹೋದಾಗೆಲ್ಲ ಚೌಕ ಅವಳನ್ನು ಬಿಟ್ಟು ಕುಂತವರ ಕಣ್ಣಿಗೆ ಅಂಟಿಕೊಂಡಿತು. ಅಷ್ಟರಲ್ಲಿ ಅವಳೇ ನನ್ನ ಕಡೆ ತಿರುಗಿದಳು. ಲೆನ್ಸು ತನ್ನತ್ತ ಇರುವುದು ಕಂಡಿತು. ಒಂದು ಕ್ಷಣ, ಒಂದೇ ಕ್ಷಣ, ನನ್ನ ಹೆಂಡತಿ ನಿಂತಳು. ದುಪಟ್ಟಾ ಇಲ್ಲದ ಹೆಗಲಿನ ಮೇಲೆ ದುಪಟ್ಟಾ ಸರಿಮಾಡಲು ಕೈ ಹೋಯಿತು. ಹಿಂದಿನಿಂದ ಬಂದವಳು ಬೆನ್ನಿಗೆ ಬಾರಿಸಿದಳು. ಔಟ್.

ಅಂಗಳದಿಂದ ನೇರವಾಗಿ ನನ್ನ ಹತ್ತಿರ ಬಂದಳು. ಮುಖ ಕೆಂಪಗಾಗಿತ್ತು.

“ಇಷ್ಟು ವರ್ಷ ನಿಲ್ಲು ನಿಲ್ಲು ಅಂತ ಹೇಳಿ ಹೇಳಿ ನನ್ನ ಕಾಲಿಗೂ ಕಲಿಸಿಬಿಟ್ರಿ ನೀವು. ಎದ್ದು ಹೋಗ್ರಿ ಇಲ್ಲಿಂದ. ನನ್ನ ಕಣ್ಣಿಗೆ ಬೀಳಬ್ಯಾಡ್ರಿ.”

ಕ್ಯಾಮೆರಾ ಎತ್ತಿಕೊಂಡು ಎದ್ದೆ. ಅವಳಿಗೆ ಇನ್ನೊಂದೇ ಓಟದ ಸರದಿ ಬಾಕಿ ಇತ್ತು. ಅದು ತಪ್ಪಿದರೆ ಆ ಪೊಟ್ಟಣಕ್ಕೆ ಸೇರಿಸಲು ಏನೂ ಇರುವುದಿಲ್ಲ. ಅಂಗಳದ ಒಂದು ತುದಿಯಲ್ಲಿ, ಸಾಲಿನ ಕೊನೆಗೆ ನೆಟ್ಟ ಕಂಬದಿಂದ ದೂರದಲ್ಲಿ, ನೀರಿನ ಟ್ಯಾಂಕರ್ ನಿಂತಿತ್ತು. ಅದರ ಮರೆಗೆ ಹೋಗಿ ಕುಂತೆ. ಕ್ಯಾಮೆರಾದ ಮುಖ ಹುಡುಕುವ ಚಾಳಿಯನ್ನೇ ಬಂದ್ ಮಾಡಿದೆ. ನಾನು ತೋರಿಸಿದವರನ್ನು ಮಾತ್ರ ಹಿಡಿ, ನಡುವೆ ಯಾರಾದರೂ ಅಡ್ಡ ಬಂದರೆ ಅವರ ಹಿಂದೆ ಹೋಗಬೇಡ, ಸ್ವಲ್ಪ ಕಾಯಿ ಎಂದು ಸೆಟ್ಟಿಂಗ್ ಬದಲಿಸಿದೆ. ನೂರಾರು ಮುಹೂರ್ತ ತೆಗೆದ ಕೈ ಅದು, ಅವತ್ತು ಬಟನ್ನು ಸಿಗದೆ ತಡವರಿಸಿತು.

ಅವಳು ಮತ್ತೆ ಇಳಿದಳು. ಚೌಕವನ್ನು ಅವಳ ಎದೆಯ ಮೇಲಿಟ್ಟು ಒತ್ತಿ ಹಿಡಿದೆ. ಕುಂತವರ ಹಿಂದೆ ಮರೆಯಾದಳು, ಚೌಕ ಅಲ್ಲೇ ಕಾದು ಕುಂತಿತು. ಈಚೆ ಬಂದಳು, ಹಿಡಿಯಿತು. ಬಗ್ಗಿದಳು, ತಿರುಗಿದಳು, ಮತ್ತೆ ಮರೆಯಾದಳು, ಮತ್ತೆ ಹಿಡಿಯಿತು. ಉಡದ ಪಟ್ಟು ಅಂದರೆ ಅದು. ಯಂತ್ರದ ಮೇಲೆ ನನಗೆ ಪ್ರೀತಿ ಉಕ್ಕಿತು. ಆಮೇಲೆ ಯಂತ್ರ ಮರೆತೇಹೋಯಿತು. ಇಷ್ಟು ವರ್ಷ ಅವಳ ಆಟಕ್ಕೆ ಹೋಗುತ್ತಿದ್ದೆ, ಚಪ್ಪಾಳೆ ಹೊಡೆಯುತ್ತಿದ್ದೆ. ಅವಳ ಮುಖವನ್ನು ಇಷ್ಟು ಹತ್ತಿರದಿಂದ, ಓಡುತ್ತಿರುವಾಗ, ನೋಡಿದ್ದು ಅವತ್ತೇ. ನೋವಿನ ಸುಳಿವೇ ಇರಲಿಲ್ಲ ಆ ಮುಖದಲ್ಲಿ. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತೇ ಎಂದು ಕೇಳುವವಳು ಇವಳೇನಾ ಅನ್ನಿಸಿತು. ಎಂಥವಳನ್ನು ಕಟ್ಟಿಕೊಂಡಿದ್ದೇನೆ ಎಂದು ಹೆಮ್ಮೆಯಾಯಿತು.

ಆಚೆ ತುದಿಯ ಕಂಬವನ್ನು ಹಿಡಿದು ಸುತ್ತಿ ಸೀದಾ ನನ್ನ ಕಡೆಗೇ ಬಂದಳು. ನಾನು ಬಟನ್ನಿನಿಂದ ಬೆರಳು ಎತ್ತಲಿಲ್ಲ, ಶಟರ್ ಓಡುತ್ತಲೇ ಇತ್ತು. ವೇಳೆ ಮುಗಿಯಿತೆಂದು ಸೀಟಿ ಊದಿದಾಗಲೂ ಅವಳು ಔಟಾಗಿರಲಿಲ್ಲ.

ನನ್ನನ್ನು ಹುಡುಕಿಕೊಂಡು ಟ್ಯಾಂಕರಿನ ನೆರಳಿಗೆ ಕುಂಟುತ್ತಾ ಬಂದು ಕುಂತಳು. “ಸಿಕ್ಕಿತಾ?” ಅಂದಳು, ಅಷ್ಟೇ. ಕ್ಯಾಮೆರಾ ಕೈಗೆ ಕೊಟ್ಟೆ. ಕಂಬ ಬಿಟ್ಟ ಗಳಿಗೆಯ ಫೋಟೊ ಅದು. ಎರಡೂ ಕಾಲು ನೆಲದ ಮೇಲಿಲ್ಲ. ಜಡೆ ಬಿಚ್ಚಿದೆ, ಹಲ್ಲು ಕಾಣುತ್ತಿದೆ, ಮುಖಕ್ಕೆಲ್ಲ ಮಣ್ಣು. ಕಣ್ಣು ಮಾತ್ರ ಎಷ್ಟು ಸ್ಪಷ್ಟವೆಂದರೆ ರೆಪ್ಪೆಗೂದಲು ಒಂದೊಂದೂ ಕಾಣುತ್ತದೆ. ಚೆನ್ನಾಗಿಲ್ಲ, ಅಳಿಸ್ರಿ ಅನ್ನುತ್ತಾಳೇನೋ ಎಂದು ನನಗೆ ಹೆದರಿಕೆ.

ಬಹಳ ಹೊತ್ತು ನೋಡಿದಳು. ಹಿಗ್ಗಿಸಿ ನೋಡಿದಳು. ಬೆವರು ಪರದೆಯ ಮೇಲೆ ಬಿದ್ದದ್ದನ್ನು ಬೆರಳಿಂದ ಒರೆಸಿದಳು.

“ನಾನು ಹಿಂಗೆ ಓಡ್ತೀನಿ ಅಂತ ನಂಗೇ ಗೊತ್ತಿರ್ಲಿಲ್ಲ ನೋಡ್ರಿ.”

ಅವಳು ಕ್ಯಾಮೆರಾ ನನ್ನ ಮಡಿಲಿಗಿಟ್ಟು ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಸೋಮವಾರ ಡಾಕ್ಟ್ರತ್ರ ಹೋಗಾಣ,” ಅಂದಳು.

ತಿಂಗಳುಗಟ್ಟಲೆ ನಾನು ಬೇಡಿಕೊಂಡಿದ್ದು ಈ ಮಾತನ್ನೇ. ಅವಳ ಬಾಯಿಂದ ಕೇಳಿದ ಮೇಲೆ ಅಳು ತಡೆಯಲಾಗಲಿಲ್ಲ.