ಉಮ್ಮೆ ಕುಲ್ಸುಂ ಮತ್ತು ಹದಿನೆಂಟು ಕೀಲುಗಳು

ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಉಮ್ಮೆ ಕುಲ್ಸುಂ ಯಾವ ಯಂತ್ರವನ್ನೂ ನೇರವಾಗಿ ಬಿಚ್ಚುವವರಲ್ಲ. ಮೊದಲು ಅದನ್ನು ಓಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ತಾಗಿಸಿ, ಮರದ ಹಿಡಿಯನ್ನು ಕಿವಿಗಿಟ್ಟು ಕೇಳುತ್ತಾರೆ. ಒಳಗೆ ಯಾವ ಬುಷ್ ಸಡಿಲವಾಗಿದೆ, ಯಾವ ಹಲ್ಲು ಸವೆದಿದೆ ಎಂಬುದು ಅವರಿಗೆ ಗೊತ್ತಾಗುವುದು ಹೀಗೆ. ಇದನ್ನು ಕಲಿಸಿದವರು ತಂದೆ ಮುನೀರ್ ಸಾಹೇಬರು. ಸಾಹೇಬರ ಕಣ್ಣು ಮಂದವಾದಾಗ ಮಗಳಿಗೆ ಮೂವತ್ತೊಂದು ವರ್ಷ. ಗಂಡನನ್ನು ಕಳೆದುಕೊಂಡು ತವರಿಗೆ ಬಂದು ಆರು ತಿಂಗಳಾಗಿತ್ತು. ಅಂಗಡಿಯ ಬೀಗದ ಕೈ ಕೊಡುವಾಗ ಅವರು ಹೇಳಿದ್ದು ಒಂದೇ ಮಾತು: ತಿರುಗುವ ಜಾಗಕ್ಕೆಲ್ಲ ಒಂದೊಂದು ಹನಿ ಎಣ್ಣೆ, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಇಪ್ಪತ್ತಮೂರು ವರ್ಷ ಕುಲ್ಸುಂ ಆ ಮಾತನ್ನು ಮೀರಿರಲಿಲ್ಲ. ಈ ಸಲ ಕೆಲಸ ಕೆಡಿಸಿದ್ದೂ ಅದೇ ಮಾತು.

ಭೀಮಾಶಂಕರ ಕುಲ್ಸುಂರನ್ನು ಮೊದಲು ನೋಡಿದ್ದು ಎದುರಿನ ಕಟ್ಟಡದ ಲಿಫ್ಟ್ ರಿಪೇರಿಗೆ ಬಂದಾಗ. ಅವನು ಸುರಪುರದ ಕಡೆಯವನು, ಲಿಫ್ಟ್ ಮೆಕ್ಯಾನಿಕ್. ಹೆಂಡತಿಯೊಂದಿಗೆ ಕಗ್ಗದಾಸಪುರದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದ. ಸ್ಕ್ರೂಡ್ರೈವರನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದ ಹೆಂಗಸನ್ನು ಬಹಳ ಹೊತ್ತು ನೋಡಿದ. ಮುಂದಿನ ಭಾನುವಾರ ಒಂದು ರಟ್ಟಿನ ಪೆಟ್ಟಿಗೆ ಹೊತ್ತು ಬಂದ.

ಪೆಟ್ಟಿಗೆಯಲ್ಲಿದ್ದದ್ದು ಆರು ಕಾಲಿನ ಒಂದು ರೋಬಾಟು. ಅಲ್ಯೂಮಿನಿಯಂ ತಗಡಿನ ಚಪ್ಪಟೆ ಬೆನ್ನು, ಒಂದೊಂದು ಕಾಲಿಗೂ ಸೊಂಟ, ತೊಡೆ, ಮೊಣಕಾಲು ಎಂದು ಮೂರು ಕೀಲು, ಒಟ್ಟು ಹದಿನೆಂಟು. ಪ್ರತಿ ಕೀಲಿನಲ್ಲೂ ಅದನ್ನು ಬೇಕಾದ ಕೋನಕ್ಕೆ ತಿರುಗಿಸಿ ಹಿಡಿದಿಡುವ, ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಸರ್ವೊ ಮೋಟಾರು. ಐದು ವರ್ಷಗಳಲ್ಲಿ, ರಜೆ ಸಿಕ್ಕಾಗಲೆಲ್ಲ ಕೂತು ಅವನೊಬ್ಬನೇ ಕಟ್ಟಿದ್ದು.

"ನಿಂತಾಗ ಒಂದೊಂದ್ಸಲ ಸಣ್ಣಗೆ ನಡುಗ್ತದ್ರಿ ಅಕ್ಕಾ. ಗೇರಿನಾಗ ಧೂಳು ಕುಂತದ ಅನಸ್ತದ. ಒಮ್ಮೆ ಸರ್ವಿಸ್ ಮಾಡಿ ಕೊಡ್ರಿ."

ಪಕ್ಕದ ಅಂಗಡಿಯ ದರ್ಜಿ ಸನಾವುಲ್ಲಾ ಕತ್ತರಿ ಹಿಡಿದುಕೊಂಡೇ ಎದ್ದು ಬಂದರು. "ಆಪಾ, ಇದಕ್ಕೆ ಪಾಯಿಜಾಮಾ ಹೊಲೀಬೇಕಂದ್ರೆ ಮೊದ್ಲೇ ಹೇಳ್ಬಿಡಿ. ಮೂರು ಜೋಡಿ ಆಗುತ್ತೆ, ಬಟ್ಟೆ ಜಾಸ್ತಿ ಬೇಕು."

ಭೀಮಾಶಂಕರ ಬ್ಯಾಟರಿ ಜೋಡಿಸಿದ. ಮುದುಡಿ ಬಿದ್ದಿದ್ದ ಆರು ಕಾಲೂ ನೆಲ ಹುಡುಕಿದವು. ಆ ಯಂತ್ರ ಯಾರ ಕೈಯೂ ತಾಗದೆ ತನ್ನ ಭಾರವನ್ನು ತಾನೇ ಎತ್ತಿಕೊಂಡು ನಿಂತಿತು. ಕುಲ್ಸುಂ ಒಂದು ಬೆರಳಿನಿಂದ ಅದರ ಬೆನ್ನನ್ನು ಒತ್ತಿದರು. ಅದು ಒಂದಿಷ್ಟು ಬಗ್ಗಿತು, ಬೆರಳನ್ನು ಎದುರಿಸಿತು, ಬಿಟ್ಟೊಡನೆ ಮೊದಲಿದ್ದ ಎತ್ತರಕ್ಕೇ ಬಂದು ನಿಂತಿತು. ಸನಾವುಲ್ಲಾ ಕತ್ತರಿ ಕೆಳಗಿಟ್ಟು ಹತ್ತಿರ ಬಗ್ಗಿದರು.

"ಕಾಲು ಎಲ್ಲಿದೆ ಅಂತ ಇದಕ್ಕೆ ಹೇಗಪ್ಪಾ ಗೊತ್ತಾಗುತ್ತೆ?" ಎಂದು ಕುಲ್ಸುಂ ಕೇಳಿದರು.

"ಒಂದೊಂದು ಕೀಲಿನಾಗೂ ಅದನ್ನ ಹೇಳೋ ಪಾರ್ಟು ಅದ ರೀ."

ಆ ಪಾರ್ಟು ಯಾವುದು ಎಂದು ಅವರು ಕೇಳಲಿಲ್ಲ. ಕೇಳಬೇಕಿತ್ತು.

ಸೋಮವಾರ, ಮಂಗಳವಾರ ಎರಡು ದಿನ ಕೂತು ಹದಿನೆಂಟನ್ನೂ ಬಿಚ್ಚಿದರು. ಕೂದಲು, ಕಪ್ಪಾದ ಗ್ರೀಸು, ಮುಕ್ಕಾದ ಒಂದು ಹಲ್ಲು ಎಲ್ಲ ಸಿಕ್ಕವು. ತೊಳೆದು ಒಣಗಿಸಿ ಜೋಡಿಸುವಾಗ, ಕೊಕ್ಕಿನ ಡಬ್ಬಿಯಿಂದ ತಿರುಗುವ ಜಾಗಕ್ಕೆಲ್ಲ ಒಂದೊಂದು ಹನಿ ಎಣ್ಣೆ ಬಿಟ್ಟರು. ಬುಧವಾರ ಭೀಮಾಶಂಕರ ಒಯ್ದ. ಗುರುವಾರ ಬೆಳಿಗ್ಗೆ, ಬಾಗಿಲು ತೆಗೆಯುವಷ್ಟರಲ್ಲಿ ಪೆಟ್ಟಿಗೆಯೊಂದಿಗೆ ಮೆಟ್ಟಿಲ ಮೇಲೆ ಕೂತಿದ್ದ.

ಬ್ಯಾಟರಿ ಕೊಟ್ಟಾಗ ರೋಬಾಟು ಎದ್ದಿತು, ಆದರೆ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿತು. ಕಾಲುಗಳು ಮೇಜಿಗೆ ಹೊಡೆದಿದ್ದ ತಗಡಿನ ಮೇಲೆ ಟಕಟಕ ಬಡಿದವು.

"ಎಣ್ಣಿ ಎಲ್ಲೆಲ್ಲಿ ಹಾಕೀರಿ ಅಕ್ಕಾ?"

"ತಿರುಗೋ ಕಡೆ ಎಲ್ಲಾ."

ಅವನು ಒಂದು ಮೋಟಾರು ಬಿಚ್ಚಿ ತೋರಿಸಿದ. ಗೇರುಗಳ ಕೆಳಗೆ, ಕುದುರೆ ಲಾಳದ ಆಕಾರದ ಒಂದು ಕಪ್ಪು ಇಂಗಾಲದ ಪಟ್ಟಿ. ಅದರ ಮೇಲೆ ಉಗುರಿಗಿಂತ ತೆಳುವಾದ ಲೋಹದ ನಾಲಿಗೆ ಜಾರುತ್ತದೆ. ನಾಲಿಗೆ ಪಟ್ಟಿಯ ಮೇಲೆ ಎಲ್ಲಿದೆಯೋ ಅದರಿಂದ ಕಾಲಿನ ಕೋನ ಗೊತ್ತಾಗುತ್ತದೆ. ಈಗ ಪಟ್ಟಿಯ ಮೇಲೆ ಎಣ್ಣೆ ಹರಡಿತ್ತು. ನಾಲಿಗೆ ಸರಿಯಾಗಿ ತಾಗದೆ ಕ್ಷಣಕ್ಕೊಂದು ಸುದ್ದಿ ಹೇಳುತ್ತಿತ್ತು. ಮೋಟಾರು ಅದನ್ನೆಲ್ಲ ನಂಬಿ ಅತ್ತಿತ್ತ ಎಳೆದಾಡುತ್ತಿತ್ತು.

"ಹೊಸಾದು ಹಾಕೋಣಂದ್ರ ಈ ಮಾಡಲ್ ಬರೋದು ನಿಂತು ಎರಡು ವರ್ಷ ಆತ್ರಿ. ಭಾನುವಾರ ಹಲಸೂರಿನಾಗ ರೋಬಾಟು ಕಟ್ಟೋ ನಮ್ಮಂಥವರೆಲ್ಲ ಸೇರೋದದ. ಇಪ್ಪತ್ತು ಅಡಿ ನಡಸ್ತೀನಿ ಅಂತ ಹೆಸರು ಕೊಟ್ಟೀನಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕುಲ್ಸುಂಗೆ ಕಷ್ಟವಾದದ್ದು ಅದೇ.

"ಶನಿವಾರದವರೆಗೆ ಬಿಟ್ಟೋಗಪ್ಪ," ಎಂದರು.

ಹದಿನೆಂಟು ಬಾಬಿನ್ ಡಬ್ಬಿಗಳ ಮೇಲೆ ಚಾಕ್‌ನಿಂದ ಒಂದರಿಂದ ಹದಿನೆಂಟರವರೆಗೆ ಬರೆದು, ಒಂದು ಕೀಲಿನ ಭಾಗ ಇನ್ನೊಂದಕ್ಕೆ ಸೇರದಂತೆ ಬಿಚ್ಚಿಟ್ಟರು. ಭೀಮಾಶಂಕರ ಕೊಟ್ಟುಹೋಗಿದ್ದ ಸ್ಪಿರಿಟ್‌ನಲ್ಲಿ ಹತ್ತಿ ಅದ್ದಿ, ಸೂಜಿಯ ತುದಿಗೆ ಸುತ್ತಿ, ಪಟ್ಟಿಗಳನ್ನು ಒಂದೊಂದಾಗಿ ಒರೆಸಿದರು. ಹತ್ತಿ ಬೆಳ್ಳಗೆ ಬರುವವರೆಗೆ ಒರೆಸುವುದು, ಒಣಗಲು ಬಿಡುವುದು, ಮತ್ತೆ ಒರೆಸುವುದು. ಈ ಸಲ ಎಣ್ಣೆ ಡಬ್ಬಿಯನ್ನು ಮೇಜಿನಿಂದ ಕೆಳಗಿಳಿಸಿಟ್ಟಿದ್ದರು.

ಶನಿವಾರ ಬೆಳಿಗ್ಗೆ ಭೀಮಾಶಂಕರ ಬಂದು, ಲ್ಯಾಪ್‌ಟಾಪ್ ಜೋಡಿಸಿ ಬ್ಯಾಟರಿ ಕೊಟ್ಟ. ರೋಬಾಟು ಎದ್ದು ನಿಂತಿತು. ನಡುಕ ಬಹಳ ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ಕುಲ್ಸುಂ ಸ್ಕ್ರೂಡ್ರೈವರನ್ನು ಒಂದೊಂದೇ ಕೀಲಿಗೆ ತಾಗಿಸಿ ಕೇಳುತ್ತ ಹೋದರು. ಹನ್ನೆರಡು ಕೀಲು ನಿಶ್ಶಬ್ದ. ಆರರಲ್ಲಿ ಮಾತ್ರ ಜೀರುಂಡೆಯಂಥ ಸದ್ದು. ಆ ಆರೂ ತೊಡೆಯ ಕೀಲುಗಳು, ಕಾಲಿಗೊಂದರಂತೆ.

"ಎಣ್ಣೆ ಎಲ್ಲದಕ್ಕೂ ಬಿದ್ದಿತ್ತು. ತೊಳೆದಿದ್ದೂ ಎಲ್ಲವನ್ನೂ ಒಂದೇ ಥರ," ಎಂದರು ಅವರು. "ತೊಡೆ ಮಾತ್ರ ಯಾಕೆ? ಇದು ಎಣ್ಣೆದಲ್ಲ."

ಒಂದನ್ನು ಬಿಚ್ಚಿ, ಭೂತಗನ್ನಡಿ ಹಿಡಿದು ಬೆಳಕಿಗೆ ಓರೆ ಮಾಡಿದರು. ಕಪ್ಪು ಪಟ್ಟಿಯ ನಡುವೆ ಒಂದು ಕಡೆ, ಕೂದಲಷ್ಟು ಅಗಲದಲ್ಲಿ, ಬೂದು ಬಣ್ಣದ ಹೊಳೆಯುವ ತಗ್ಗು. ಉಳಿದ ಪಟ್ಟಿಯೆಲ್ಲ ಹೊಸದರಂತೆ. ಎರಡನೆಯದನ್ನು ಬಿಚ್ಚಿದರು. ಅದೇ ಜಾಗ, ಅದೇ ಅಗಲ. ಮೂರನೆಯದರಲ್ಲೂ ಅದೇ. ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟರು.

ಭೀಮಾಶಂಕರ ನೋಡಿದ. "ಇದು ನಿಲ್ಲೋ ಕೋನ," ಎಂದ ನಿಧಾನವಾಗಿ.

"ಮನೇಲಿ ನಿಲ್ಲಿಸಿ ಇಡ್ತಿದ್ದೆಯಾ?"

"ಮನೀಗೆ ಯಾರೇ ಬರ್ಲಿ, ನಿಲ್ಲಿಸಿ ತೋರಸ್ತಿದ್ದೆ. ತಾಸುಗಟ್ಟಲೆ. ನಡಸೋಕೆ ಜಾಗ ಎಲ್ಲದ ರೀ ಅಲ್ಲಿ?"

ಕುಲ್ಸುಂ ಮತ್ತೊಮ್ಮೆ ಪಟ್ಟಿಯ ಮೇಲೆ ಬಗ್ಗಿದರು. ನಡೆಯುವಾಗ ನಾಲಿಗೆ ಪಟ್ಟಿಯುದ್ದಕ್ಕೂ ಓಡಾಡುತ್ತದೆ, ಸವೆತ ಹಂಚಿಹೋಗುತ್ತದೆ. ನಿಂತಾಗ ದೇಹದ ಭಾರವನ್ನೆಲ್ಲ ಹೊರುವ ತೊಡೆಯ ಮೋಟಾರು ಕಣ್ಣಿಗೆ ಕಾಣದಷ್ಟು ಸಣ್ಣಗೆ ಅಲುಗುತ್ತಲೇ ಇರುತ್ತದೆ, ನಾಲಿಗೆ ಒಂದೇ ಕಡೆ ಉಜ್ಜುತ್ತದೆ. ಹೊರಗಿನಿಂದ ಕಲ್ಲಿನ ಹಾಗೆ ನಿಂತಂತೆ ಕಂಡಾಗಲೆಲ್ಲ ಇದು ಒಳಗೆ ಎಡೆಬಿಡದೆ ದುಡಿಯುತ್ತಿತ್ತು. ತಾಸುಗಟ್ಟಲೆ ನಿಂತದ್ದರ ಗುರುತು ಆರು ಕಡೆ, ಒಂದೇ ಅಳತೆಯಲ್ಲಿ ಬರೆದುಕೊಂಡಿತ್ತು. ಅವರು ಸಾವಿರಾರು ಯಂತ್ರ ಬಿಚ್ಚಿದ್ದರು. ಓಡಿ ಸವೆದವನ್ನು ಕಂಡಿದ್ದರೇ ಹೊರತು ನಿಂತು ಸವೆದದ್ದನ್ನು ಕಂಡಿರಲಿಲ್ಲ.

ಆದರೆ ಸವೆದುಹೋದ ಇಂಗಾಲವನ್ನು ಮತ್ತೆ ತುಂಬುವಂತಿರಲಿಲ್ಲ. ಭೀಮಾಶಂಕರ ಬ್ಯಾಟರಿ ತೆಗೆದು ತಂತಿ ಸುತ್ತತೊಡಗಿದ. "ಹೋಗ್ಲಿ ಬಿಡ್ರಿ. ಹೆಸರು ತಗೀರಿ ಅಂತ ಫೋನ್ ಮಾಡ್ತೀನಿ."

ಪಕ್ಕದಲ್ಲಿ ಸನಾವುಲ್ಲಾ ಒಂದು ಹಳೆಯ ಷರ್ಟಿನ ಕಾಲರ್ ಬಿಚ್ಚುತ್ತಿದ್ದರು. ಕಂಟೋನ್ಮೆಂಟಿನ ಹಳಬರು ಈಗಲೂ ಅವರಲ್ಲಿಗೆ ಬರುವುದು ಈ ಕೆಲಸಕ್ಕೆ: ಕುತ್ತಿಗೆಗೆ ಉಜ್ಜಿ ಸವೆದ ಕಾಲರನ್ನು ಬಿಚ್ಚಿ, ತಿರುಗಿಸಿ, ಸವೆದ ಮಗ್ಗುಲು ಕೆಳಗೆ ಹೋಗುವಂತೆ ಮತ್ತೆ ಹೊಲಿಯುವುದು. ಬಟ್ಟೆ ಅದೇ, ಹೊರಗೆ ಬರುವ ಮುಖ ಬೇರೆ.

"ತಾಳಪ್ಪಾ," ಎಂದರು ಕುಲ್ಸುಂ. "ಈ ಕಾಲು ಮೋಟಾರಿನ ತಲೆ ಮೇಲೆ ಹಲ್ಲಿಗೆ ಹಲ್ಲು ಕೂತಿದೆ ಅಲ್ವಾ? ಹಲ್ಲೆಷ್ಟು?"

"ಇಪ್ಪತ್ತೈದು."

"ಅಂದ್ರೆ ಒಂದು ಹಲ್ಲಿಗೆ ಹದಿನಾಲ್ಕೂವರೆ ಡಿಗ್ರಿ ಹತ್ರ. ಕಾಲು ತೆಗೆದು ಎರಡು ಹಲ್ಲು ಆಚೆ ಕೂರಿಸಿದ್ರೆ? ನಿಲ್ಲೋದು ಅದೇ ಥರ ನಿಲ್ಲುತ್ತೆ. ನಾಲಿಗೆ ಹೊಸ ಜಾಗದ ಮೇಲಿರುತ್ತೆ."

ಭೀಮಾಶಂಕರನ ಕೈ ಅಲ್ಲೇ ನಿಂತಿತು. "ಪ್ರೋಗ್ರಾಮಿನಾಗೂ ಅಷ್ಟೇ ಕೂಡಿಸಬೇಕು," ಎಂದ. "ಇಪ್ಪತ್ತೆಂಟು ಪಾಯಿಂಟ್ ಎಂಟು. ಕಾಲು ಮ್ಯಾಲೆ ಎತ್ತೋದು ಸ್ವಲ್ಪ ಕಮ್ಮಿ ಆಗ್ತದ. ಆಗ್ಲಿ."

"ಎಡಗಡೆ ಮೂರಕ್ಕೆ ಒಂದು ದಿಕ್ಕು, ಬಲಗಡೆ ಮೂರಕ್ಕೆ ಉಲ್ಟಾ. ಮರೀಬೇಡ."

"ಎಣ್ಣಿ?" ಎಂದ ಅವನು.

"ಬಾಯ್ಮುಚ್ಕೊಂಡು ಸ್ಕ್ರೂ ಹಿಡ್ಕೊ."

ಹನ್ನೊಂದೂವರೆಗೆ ಆರನೆಯ ಕಾಲು ಕೂತಿತು. ಬ್ಯಾಟರಿ ಕೊಟ್ಟರು. ರೋಬಾಟು ಎದ್ದಿತು, ನಿಂತಿತು. ಕುಲ್ಸುಂ ಆರೂ ತೊಡೆಗಳಿಗೆ ಸ್ಕ್ರೂಡ್ರೈವರ್ ತಾಗಿಸಿ ಕೇಳಿದರು. ಆರನೆಯದರ ಮೇಲೆ ಉಳಿದವುಗಳಿಗಿಂತ ಹೆಚ್ಚು ಹೊತ್ತು ಕಿವಿಯಿಟ್ಟರು. ಆಮೇಲೆ, ಚೆನ್ನಾಗಿ ಕೂತ ಹೊಲಿಗೆ ಯಂತ್ರವನ್ನು ಪರೀಕ್ಷಿಸುವಂತೆ, ರೋಬಾಟಿನ ಬೆನ್ನ ಮೇಲೆ ಒಂದು ನಾಣ್ಯವನ್ನು ಅಂಚಿನಲ್ಲಿ ನಿಲ್ಲಿಸಿ ಕೈ ತೆಗೆದರು. ನಾಣ್ಯ ನಿಂತಿತು. ಹೊರಗೆ ಬಸ್ಸೊಂದು ಹಾರ್ನ್ ಹೊಡೆಯುತ್ತಿತ್ತು. ನಾಣ್ಯ ಅಲುಗಲಿಲ್ಲ.

"ಸಾಕು," ಎಂದು ಕುಲ್ಸುಂ ನಾಣ್ಯ ತೆಗೆದರು. "ಇನ್ಮೇಲೆ ಇದನ್ನ ನಿಲ್ಲಿಸಿ ತೋರಿಸ್ಬೇಡ. ಕೂರಿಸಿ ಇಡು."

"ಮಂದಿ ನೋಡ್ಬೇಕಂದ್ರ?"

"ನಡೆಸಿ ತೋರ್ಸು. ಜಾಗ ಇಲ್ದಿದ್ರೆ ಬೀದಿಗೆ ತಗೊಂಡ್ಹೋಗು."

ಅವನು ರೋಬಾಟನ್ನು ಪೆಟ್ಟಿಗೆಗೆ ಹಾಕಲಿಲ್ಲ. ಎತ್ತಿ ಗಲ್ಲಿಗೆ ಇಳಿಸಿದ. ಸನಾವುಲ್ಲಾ ಬಟ್ಟೆ ಗಂಟನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ದಾರಿ ಬಿಟ್ಟರು. ರೋಬಾಟು ಒಂದು ಸಲಕ್ಕೆ ಮೂರು ಕಾಲು ಎತ್ತುತ್ತ, ಮೂರು ಊರುತ್ತ, ಬಿಸಿಲಿನಲ್ಲಿ ಮಾರುಕಟ್ಟೆಯ ಕಡೆಗೆ ಹೊರಟಿತು.