ಇವತ್ತಿನ ನೋವು ಯಾರ ಹೆಸರಿಗೆ?

“ಒಸಿ ತಡೀರಿ ಸಿಸ್ಟರ್, ಇವತ್ತಿನ್ನೂ ಹೆಸ್ರು ಹೇಳಿಲ್ಲ,” ಎಂದರು ಪಕ್ಕದ ಮಂಚದ ಅಂತೋಣಮ್ಮ. ಅವರ ತೋಳಿಗೆ ಅಂಟಿಕೊಂಡಿದ್ದ ಬ್ಯಾಂಡೇಜ್ ಬಿಚ್ಚಲು ಬಂದ ನರ್ಸ್ ಕೈ ಹಿಂದಕ್ಕೆ ತೆಗೆದು ನಿಂತರು. ರಾಮನಗರದ ಆಸ್ಪತ್ರೆಯಲ್ಲಿ ಅಮ್ಮನನ್ನು ಸೊಂಟದ ಆಪರೇಷನ್‌ಗೆ ಒಳಗೆ ಕಳಿಸಿ, ಅವಳ ಖಾಲಿ ಮಂಚದ ಬಳಿ ಕಾದು ಕೂತಿದ್ದ ನನಗೆ ಏನೂ ಅರ್ಥವಾಗಲಿಲ್ಲ.

ಕನಕಪುರದ ಕಡೆಯ ಅಂತೋಣಮ್ಮ ರೇಷ್ಮೆ ನೂಲು ತೆಗೆಯುವವರು. ಗೂಡು ಬೇಯಿಸುವ ಕುದಿನೀರು ಚೆಲ್ಲಿ ತೋಳು ಬೆಂದಿತ್ತು. ನನ್ನತ್ತ ತಿರುಗಿ, “ನಿಮ್ಮವ್ವಂಗೆ ಇವತ್ತೇ ಅಲ್ವೇನಕ್ಕ ಆಪ್ರೇಸನ್ನು? ಹೆಸ್ರೇನು?” ಎಂದರು.

“ಸಿದ್ದಲಿಂಗಮ್ಮ.”

ಇನ್ನೊಂದು ಕೈಯಿಂದ ಶಿಲುಬೆಯ ಗುರುತು ಹಾಕಿಕೊಂಡು, “ಏಸಪ್ಪ, ಇವತ್ತಿನ ನೋವು ಸಿದ್ದಲಿಂಗಮ್ಮನ ಹೆಸ್ರಿಗೆ,” ಎಂದು ತೋಳು ಚಾಚಿದರು. ಬಟ್ಟೆಯ ಜೊತೆ ಚರ್ಮವೂ ಎದ್ದು ಬರುವಾಗ ಅವರ ಕಣ್ಣೀರು ಸುರಿಯುತ್ತಿತ್ತು. ಬಾಯಲ್ಲಿ ಮಾತ್ರ ನನ್ನಮ್ಮನ ಹೆಸರು.

ಆಮೇಲೆ ಕೇಳಿದೆ, ನೋವೇ ಬೇಡ ಅಂತ ದೇವರನ್ನು ಬೇಡಬಾರದೇ ಎಂದು.

“ಅದ್ನೂ ಬೇಡ್ತೀನಿ ಕಣಕ್ಕ. ಆದ್ರೂ ಬಂದ್ಬುಟ್ರೆ ಸುಮ್ಕೆ ಯಾಕೆ ಹಾಳು ಮಾಡ್ಲಿ? ಏಸುಸ್ವಾಮಿ ನೋವು ತಿಂದಿದ್ದೂ ಬೇರೆಯೋರಿಗಾಗೇ ತಾನೆ?”

ಆಪರೇಷನ್ ಆದ ಮೇಲೆ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ, ಹಣೆಗೆ ವಿಭೂತಿ ಹಚ್ಚಿಕೊಂಡು, ಗೋಡೆ ಹಿಡಿದು ಹೆಜ್ಜೆ ಹಾಕುತ್ತಿದ್ದ ಅಮ್ಮ ನೋವಿಗೆ ಹಲ್ಲು ಕಚ್ಚಿ ಏನೋ ಗೊಣಗುತ್ತಿದ್ದಳು. ಎಂದಿನಂತೆ ನನ್ನನ್ನೇ ಬೈಯುತ್ತಿದ್ದಾಳೆ ಅಂದುಕೊಂಡು ಹತ್ತಿರ ಹೋದೆ. “ಇದು ಅಂತೋಣಮ್ಮನ ಹೆಸ್ರಿಗೆ” ಅನ್ನುತ್ತಿದ್ದಳು.